ಬೊಂಬೆ ಮೆಟ್ಟಿಲಿಗೆ ಬ್ಯಾಟರಿ ಸ್ಕ್ರೂಡ್ರೈವರ್

ಮೈಸೂರಿನ ನಮ್ಮ ಮನೆಯಲ್ಲಿ ದಸರಾ ಬಂತು ಅಂದರೆ ಟ್ರಂಕು, ಮೇಜು, ಸ್ಟೂಲು ಎಲ್ಲ ಪೇರಿಸಿ, ಬಿಳಿ ಪಂಚೆ ಹಾಸಿ ಬೊಂಬೆ ಕೂರಿಸುತ್ತಿದ್ದೆವು. ಅತ್ತೆಯವರು ಕೊಟ್ಟ ಪಟ್ಟದ ಬೊಂಬೆಗಳು ತುದಿಯಲ್ಲಿ ಅಲ್ಲಾಡಿದಾಗೆಲ್ಲ ಎದೆ ಝಲ್ ಅನ್ನುತ್ತಿತ್ತು. ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕುವಂಥ ಏಳು ಮೆಟ್ಟಿಲು ನಾನೇ ಮಾಡೋಣ ಅಂತ ಹೊರಟೆ. 18 ಎಂಎಂ ಪ್ಲೈವುಡ್, ಬೇವಿನ ರೀಪು, ಒಂದು 12 ವೋಲ್ಟಿನ ಬ್ಯಾಟರಿ ಡ್ರೈವರ್ ತಂದೆ.

ಮೊದಲ ದಿನವೇ ಗಾಯ. ರೀಪನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಡ್ರೈವರ್ ಒತ್ತಿದೆ. ಡ್ರೈವರ್ ಮೂತಿಗೆ ಸಿಕ್ಕಿಸುವ ಬಿಟ್, ಅಂದರೆ ಸ್ಕ್ರೂ ತಿರುಗಿಸುವ ಕಡ್ಡಿ, ಸ್ಕ್ರೂ ತಲೆಯಿಂದ ಜಾರಿ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಪಕ್ಕದ ಬೀದಿಯ ಆಚಾರ್ರು ಬಂದರು. ಬಿಟ್ಟನ್ನು ಸ್ಕ್ರೂ ತಲೆಗೆ ಇಟ್ಟು ಅಲ್ಲಾಡಿಸಿ ತೋರಿಸಿದರು. "ನೋಡಿ ಅಮ್ಮಾ, ಲೊಡಲೊಡ ಅಂತದೆ. ಇದು ಒಂದನೇ ನಂಬರು, ಈ ಸ್ಕ್ರೂಗೆ ಎರಡು ಬೇಕು. ಮತ್ತೆ ಮರ ಹಿಡಿಯಕ್ಕೆ ಕ್ಲಾಂಪ್ ಐತೆ, ಕೈ ಅಲ್ಲ."

ಅವತ್ತಿಂದ ಪಿಎಚ್2 ಬಿಟ್ (ಎರಡನೇ ನಂಬರಿನ ಪ್ಲಸ್ ಮೂತಿಯದು), ಎರಡು ಕ್ಲಾಂಪ್. ಬಿಟ್ ಹೋಗುವ ದಾರಿಯಲ್ಲಿ ನನ್ನ ಕೈ ಇರುವುದೇ ಇಲ್ಲ. ಕೆಲಸಕ್ಕೆ ಕೂರುವ ಮೊದಲು ಬಳೆ ತೆಗೆದಿಡುತ್ತೇನೆ, ಸೆರಗು ಬಿಗಿಯಾಗಿ ಸಿಕ್ಕಿಸುತ್ತೇನೆ, ಜಡೆ ಗಂಟು ಕಟ್ಟುತ್ತೇನೆ. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ. ಬಿಟ್ ಬದಲಿಸುವಾಗ ಬ್ಯಾಟರಿ ಹೊರಗೆ. ಸುಮ್ನೆ ಪಕ್ಕಕ್ಕಿಡುವಾಗಲೂ ಹಿಂದೆ-ಮುಂದೆ ತಿರುಗಿಸುವ ಗುಂಡಿಯನ್ನು ನಡುವಿಗೆ ತಳ್ಳಿಬಿಡುತ್ತೇನೆ. ಆಗ ಟ್ರಿಗರ್ ಒತ್ತಿದರೂ ತಿರುಗುವುದಿಲ್ಲ. ಮಕ್ಕಳಿರುವ ಮನೆ ಅಲ್ವಾ.

ನನ್ನ ಕೆಲಸವನ್ನೇ ಬದಲಾಯಿಸಿದ್ದು ಮೂತಿಯ ಹತ್ತಿರದ ಕ್ಲಚ್ ರಿಂಗು. ಅದರ ಮೇಲಿನ ನಂಬರು ವೇಗ ಅಂದುಕೊಂಡಿದ್ದೆ. ಅದು ವೇಗವಲ್ಲ, ಎಷ್ಟು ಬಲಕ್ಕೆ ನಿಲ್ಲಬೇಕು ಅನ್ನುವ ಲೆಕ್ಕ. ಆ ಬಲ ಮುಟ್ಟಿದ ಕೂಡಲೇ ಒಳಗೆ ಕಟಕಟ ಅಂದು ಬಿಟ್ ತಿರುಗುವುದು ನಿಲ್ಲುತ್ತದೆ. ಚೂರು ಮರದ ಮೇಲೆ 4ರಿಂದ ಶುರು ಮಾಡಿದೆ. ಸ್ಕ್ರೂ ತಲೆ ಅರ್ಧಕ್ಕೇ ನಿಂತಿತು. ಒಂದೊಂದೇ ಏರಿಸಿದೆ. 7ಕ್ಕೆ ತಲೆ ಪ್ಲೈವುಡ್ ಮಟ್ಟಕ್ಕೆ ಸರಿಯಾಗಿ ಕೂತಿತು, ಉಗುರು ಆಡಿಸಿದರೆ ತಡೆಯಲಿಲ್ಲ. ಇನ್ನೂ ಜಾಸ್ತಿ ಇಟ್ಟಾಗ ತಲೆ ಒಳಗೆ ಹೂತು ಪ್ಲೈವುಡ್ಡಿನ ಮೇಲ್ಪದರವೇ ಒಡೆಯಿತು. ಈ 7 ನನ್ನ ಮರಕ್ಕೆ, ನನ್ನ ಮಷಿನ್‌ಗೆ. ನಿಮ್ಮದನ್ನು ನಿಮ್ಮ ಚೂರು ಮರದಲ್ಲೇ ನೋಡಬೇಕು.

ಬೇವಿನ ರೀಪಿನ ತುದಿಗೆ ನೇರವಾಗಿ ಸ್ಕ್ರೂ ಹೊಡೆದರೆ ಸೀಳುತ್ತದೆ. 4 ಎಂಎಂ ಸ್ಕ್ರೂಗೆ ರೀಪಿನಲ್ಲಿ 2.5 ಎಂಎಂ ತೂತು ಮೊದಲೇ ಕೊರೆದೆ. ಮೇಲಿನ ಪ್ಲೈವುಡ್‌ಗೆ 4.5 ಎಂಎಂ. ಅಲ್ಲಿ ಸ್ಕ್ರೂ ಕಚ್ಚಬಾರದು, ಕಚ್ಚಿದರೆ ಎರಡು ಮರದ ನಡುವೆ ಸಂದು ಉಳಿದುಬಿಡುತ್ತದೆ. ಆಮೇಲೆ ಕಡಿಮೆ ವೇಗ, ಟ್ರಿಗರ್ ಮೆಲ್ಲಗೆ. ಮೊಣಕೈ ಡ್ರೈವರ್ ಹಿಂದೆಯೇ, ಸ್ಕ್ರೂ ನೇರಕ್ಕೆ ಇರಬೇಕು. ಒತ್ತಡ ಕಡಿಮೆಯಾದರೆ ಬಿಟ್ ಜಾರಿ ಸ್ಕ್ರೂ ತಲೆಯನ್ನು ತಿಂದುಹಾಕುತ್ತದೆ.

ಬ್ಯಾಟರಿ ಲಿಥಿಯಂದು. ಕೆಲಸ ಮಾಡಿ ಬಿಸಿಯಾಗಿದ್ದರೆ ಆರಿದ ಮೇಲೇ ಚಾರ್ಜಿಗೆ. ಹಬ್ಬದ ನಂತರ ಅರ್ಧ ಚಾರ್ಜಿನಲ್ಲಿ, ತಂಪಾದ ಕಪಾಟಿನಲ್ಲಿ ಇಡುತ್ತೇನೆ. ಸ್ಕ್ರೂ ಡಬ್ಬಿಯೊಳಗೆ ಬ್ಯಾಟರಿ ಖಂಡಿತ ಹಾಕಬೇಡಿ. ಕಬ್ಬಿಣ ತಗುಲಿ ಶಾರ್ಟ್ ಆಗುತ್ತದೆ.

ಮರುವರ್ಷ ಅಟ್ಟದಿಂದ ಇಳಿಸಿ ಜೋಡಿಸುವಾಗ ಆಚಾರ್ರು ಇನ್ನೊಂದು ಹೇಳಿಕೊಟ್ಟರು. ಹಳೇ ತೂತಿಗೆ ಸ್ಕ್ರೂ ಇಟ್ಟು, ಕೈಯಲ್ಲೇ ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೇ ಮರೆ, ಅಂದರೆ ಸ್ಕ್ರೂ ಮರದೊಳಗೆ ಕೊರೆದ ಸುರುಳಿ ಗೆರೆ, ಸಿಕ್ಕಾಗ ಟಕ್ ಅಂತ ಸಣ್ಣದಾಗಿ ಇಳಿಯುತ್ತದೆ. ಅಲ್ಲಿಂದ ಎರಡು ಸುತ್ತು ಕೈಯಲ್ಲಿ ಮುಂದಕ್ಕೆ, ಆಮೇಲೆ ಡ್ರೈವರ್. ಹೊಸ ದಾರಿ ಕೊರೆಯದೆ ಅದೇ ತೂತು ಈಗಲೂ ಬಿಗಿಯಾಗಿ ಹಿಡಿಯುತ್ತಿದೆ. ಪಟ್ಟದ ರಾಜ-ರಾಣಿ ಮೇಲಿನ ಮೆಟ್ಟಿಲಲ್ಲಿ ಅಲ್ಲಾಡದೆ ನಿಂತಿದ್ದಾರೆ.