ಯಹೂದಿ ಮಗುವಿಗೆ ಹೆಸರು ಆರಿಸುವುದು ಹೇಗೆ?

ಮುಂಬೈ ನಗರದ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರವನ್ನು 1796ರಲ್ಲಿ ಮಾಂಡ್ವಿಯಲ್ಲಿ ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಅವರು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದರೆಂದೂ, ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರೆಂದೂ ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದವರು ನೆನೆಯುತ್ತಾರೆ. ಮರಾಠಿ ಆಡುಮಾತಿನಲ್ಲಿ ದಿವೇಕರ್ ಅವರ ಹೆಸರು ಸಾಮಾಜಿ ಹಸಾಜಿ. ಅದೇ ಹೆಸರನ್ನು ಹೀಬ್ರೂ ರೀತಿಯಲ್ಲಿ ಕರೆದರೆ ಶ್ಮುಯೆಲ್ ಬೆನ್ ಯೆಹೆಜ್ಕೇಲ್, ಅಂದರೆ ಯೆಹೆಜ್ಕೇಲನ ಮಗ ಶ್ಮುಯೆಲ್. ಹೆಸರಿನ ರೂಪ ಮೂರಾದರೂ ತಂದೆಯ ಹೆಸರು ಒಂದರಲ್ಲೂ ಬಿಟ್ಟುಹೋಗಿಲ್ಲ. ಯಹೂದಿ ಹೆಸರನ್ನು ಆರಿಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ: ಆ ಹೆಸರು ಎಂದೂ ಒಂಟಿಯಾಗಿ ನಿಲ್ಲುವುದಿಲ್ಲ.

ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು, ಮಗುವಿಗೆ ಒಂದೇ ಹೆಸರು ಸಾಕೇ ಅಥವಾ ವ್ಯವಹಾರಕ್ಕೊಂದು, ಧಾರ್ಮಿಕ ಕಾರ್ಯಗಳಿಗೊಂದು ಎಂದು ಎರಡು ಬೇಕೇ ಎಂಬುದನ್ನು. ಧರ್ಮಗ್ರಂಥವಾದ ತೋರಾದ ಪಠಣಕ್ಕೆ ಕರೆಯುವಾಗ, ಮದುವೆಯ ಕರಾರುಪತ್ರವಾದ ಕೆತುಬಾದಲ್ಲಿ ಮತ್ತು ಸಮಾಧಿಯ ಕಲ್ಲಿನ ಮೇಲೆ ಹೀಬ್ರೂ ಹೆಸರೇ ಬಳಕೆಯಾಗುತ್ತದೆ. ಗಂಡಾದರೆ ‘ಬೆನ್’, ಹೆಣ್ಣಾದರೆ ‘ಬತ್’ ಎಂಬ ಪದದ ನಂತರ ತಂದೆಯ ಹೆಸರು ಬರುತ್ತದೆ. ಈಗ ಅನೇಕ ಕುಟುಂಬಗಳು ತಾಯಿಯ ಹೆಸರನ್ನೂ ಸೇರಿಸುತ್ತವೆ. ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥಿಸುವಾಗ ಮಾತ್ರ ತಾಯಿಯ ಹೆಸರನ್ನೇ ಹೇಳುವುದು ಹಳೆಯ ರೂಢಿ. ಎರಡೂ ಕಡೆ ಸಲ್ಲುವ ಒಂದೇ ಹೆಸರು ಸಿಕ್ಕಿದರೆ ಅದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ದಿನವೂ ಕಿವಿಗೆ ಬೀಳದ ಹೆಸರು ಮಗುವಿಗೆ ತನ್ನದೆನ್ನಿಸುವುದು ಕಷ್ಟ. ಬೆನೆ ಇಸ್ರೇಲ್ ಮನೆತನದ ಕವಿ ನಿಸ್ಸೀಮ್ ಎಜೆಕಿಯೆಲ್ ಅವರ ಹೆಸರನ್ನೇ ನೋಡಿ. ಹೀಬ್ರೂವಿನಲ್ಲಿ ‘ನಿಸ್ಸೀಮ್’ ಎಂದರೆ ಪವಾಡಗಳು. ಮುಂಬೈಯ ಬೀದಿಯಲ್ಲಿ ಕೂಗಿದರೂ ನಾಲಿಗೆಗೆ ತೊಡಕಾಗದು.

ಎರಡನೆಯ ಹೆಜ್ಜೆ ಮನೆಯ ಹಿರಿಯರನ್ನು ಕೇಳುವುದು. ಮನಸ್ತಾಪ ಹುಟ್ಟಿದರೆ ಹುಟ್ಟುವುದು ಇಲ್ಲಿಯೇ. ಮಧ್ಯ ಮತ್ತು ಪೂರ್ವ ಯೂರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು ಸಾಮಾನ್ಯವಾಗಿ ತೀರಿಕೊಂಡ ಬಂಧುವಿನ ಹೆಸರನ್ನಷ್ಟೇ ಮಗುವಿಗೆ ಇಡುತ್ತಾರೆ. ಬದುಕಿರುವ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ಅಜ್ಜನ ಆಯುಷ್ಯಕ್ಕೆ ಕುತ್ತು, ಮೃತ್ಯುದೂತ ಒಬ್ಬರ ಬದಲು ಇನ್ನೊಬ್ಬರನ್ನು ಕರೆದೊಯ್ದಾನು ಎಂಬ ಹಳೆಯ ಭಯ ಅದರ ಹಿಂದಿದೆ. ಸ್ಪೇನ್ ಮೂಲದ ಸೆಫಾರ್ದಿ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ: ಅಜ್ಜ ಬದುಕಿರುವಾಗಲೇ ಅವರ ಹೆಸರಿಡುವುದು ಗೌರವ, ಇಡದಿದ್ದರೆ ಅವರ ಮನಸ್ಸು ನೋಯುತ್ತದೆ. ತಾಯಿ ಒಂದು ಸಂಪ್ರದಾಯದವರು, ತಂದೆ ಇನ್ನೊಂದು ಸಂಪ್ರದಾಯದವರಾಗಿದ್ದರೆ ಹೆರಿಗೆಗೆ ಮುಂಚೆಯೇ ಕುಳಿತು ಮಾತಾಡಿಕೊಳ್ಳಬೇಕು. ಇಬ್ಬರಿಗೂ ಒಪ್ಪಿಗೆಯಾಗುವ ದಾರಿಯೆಂದರೆ ಗತಿಸಿದ ಮುತ್ತಜ್ಜ ಮುತ್ತಜ್ಜಿಯರತ್ತ ನೋಡುವುದು. ಹಿರಿಯರ ಹೆಸರು ತೀರಾ ಹಳೆಯದೆನ್ನಿಸಿದರೆ ಅದೇ ಅರ್ಥದ ಅಥವಾ ಅದೇ ಅಕ್ಷರದಿಂದ ಶುರುವಾಗುವ ಬೇರೊಂದನ್ನು ಆರಿಸುವವರೂ ಇದ್ದಾರೆ.

ಹೆಸರಿಗೆ ಹುಟ್ಟಿದ ದಿನವೂ ಆಧಾರವಾಗಬಹುದು. ಪೂರಿಮ್ ಹಬ್ಬದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಆ ಹಬ್ಬದ ಕಥಾನಾಯಕಿ ಎಸ್ತೇರ್ ಹೆಸರನ್ನು, ಜೆರುಸಲೇಮಿನ ದೇವಾಲಯ ನಾಶವಾದ ಶೋಕದಿನದ ಸುಮಾರಿಗೆ ಹುಟ್ಟಿದ ಗಂಡುಮಗುವಿಗೆ ಸಾಂತ್ವನ ನೀಡುವವನು ಎಂಬರ್ಥದ ಮೆನಾಖೆಮ್ ಹೆಸರನ್ನು ಇಡುವುದುಂಟು.

ಇಷ್ಟಾದ ಮೇಲೆ ಆರಿಸಿದ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ನೋಡಬೇಕು. ಕೇವಲ ಉಚ್ಚಾರಣೆ ನಂಬಿ ಹೆಸರಿಡುವವರು ಎಡವುವುದು ಇಲ್ಲಿ. ಮಹಾಪ್ರಳಯದಲ್ಲಿ ನಾವೆ ಕಟ್ಟಿದ ನೋಹನ ಹೆಸರು ‘ಹೆತ್’ ಅಕ್ಷರದಿಂದ ಮುಗಿಯುತ್ತದೆ, ಅದರ ಅರ್ಥ ವಿಶ್ರಾಂತಿ. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬೇಕೆಂದು ಮೋಶೆಯ ಮುಂದೆ ನಿಂತು ಕೇಳಿದ ಐವರು ಸೋದರಿಯರಲ್ಲಿ ಒಬ್ಬಳಾದ ನೋವಾಳ ಹೆಸರಿನಲ್ಲಿ ‘ಅಯಿನ್’ ಅಕ್ಷರವಿದೆ, ಅದರ ಅರ್ಥ ಚಲನೆ. ಇಂಗ್ಲಿಷ್ ಮಾತಿನಲ್ಲಿ ಎರಡೂ ಒಂದೇ ಎನ್ನುವಷ್ಟು ಹತ್ತಿರ, ಹೀಬ್ರೂವಿನಲ್ಲಿ ಒಂದು ಗಂಡು, ಒಂದು ಹೆಣ್ಣು. ಅರ್ಥವನ್ನೂ ಮನೆಯವರೆಲ್ಲ ತಿಳಿದುಕೊಂಡಿರಲಿ: ತಾಮಾರ್ ಎಂದರೆ ಖರ್ಜೂರದ ಮರ, ದೆವೋರಾ ಜೇನುನೊಣ, ಯೋನಾ ಪಾರಿವಾಳ, ಯಿತ್ಸಾಕ್ ‘ನಗುವನು’. ಅಶ್ಕೆನಾಜಿಗಳಲ್ಲಿ ಅರ್ಥವನ್ನೇ ಎರಡು ಸಲ ಹೇಳುವ ಜೋಡಿ ಹೆಸರುಗಳಿವೆ. ಜಿಂಕೆ ಎಂಬ ಹೀಬ್ರೂ ಪದ ‘ತ್ಸ್ವಿ’ಗೆ ಅವರ ಆಡುಭಾಷೆಯಾದ ಯಿದ್ದಿಶ್‌ನ ಅದೇ ಅರ್ಥದ ಪದ ‘ಹಿರ್ಶ್’ ಸೇರಿ ತ್ಸ್ವಿ ಹಿರ್ಶ್ ಆಗುತ್ತದೆ. ಅಂಥ ಜೋಡಿಯಲ್ಲಿ ಒಂದನ್ನು ಮನೆಯಲ್ಲಿ ಕರೆಯಲು ಇಟ್ಟುಕೊಳ್ಳಬಹುದು.

ಮುಂದಿನದು ದಿನದ ಲೆಕ್ಕ. ಗಂಡುಮಗುವಿಗೆ ಎಂಟನೆಯ ದಿನ ನಡೆಯುವ ಬ್ರಿತ್ ಮಿಲಾ, ಅಂದರೆ ಸುನ್ನತಿಯಲ್ಲಿ ಹೆಸರಿಡುತ್ತಾರೆ. ಹುಟ್ಟಿದ ದಿನವೇ ಮೊದಲನೆಯದು ಮತ್ತು ಯಹೂದಿ ದಿನ ಸಂಜೆಯಿಂದ ಆರಂಭವಾಗುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಹುಟ್ಟಿದ ಮಗುವಿಗೆ ಮುಂದಿನ ಸೋಮವಾರ, ಸೋಮವಾರ ಕತ್ತಲಾದ ಮೇಲೆ ಹುಟ್ಟಿದ ಮಗುವಿಗೆ ಮುಂದಿನ ಮಂಗಳವಾರ. ಮುಸ್ಸಂಜೆಯಲ್ಲಿ ಹುಟ್ಟಿದ್ದರೆ ಧರ್ಮಗುರುವಾದ ರಬ್ಬಿಯನ್ನೇ ಕೇಳಬೇಕು. ಮಗುವಿಗೆ ಕಾಮಾಲೆಯಿದ್ದರೆ ಅಥವಾ ಮಗು ನಿತ್ರಾಣವಾಗಿದ್ದರೆ ಗುಣವಾಗುವವರೆಗೆ ಮುಂದೂಡಲೇಬೇಕು, ಇದರಲ್ಲಿ ದಾಕ್ಷಿಣ್ಯಕ್ಕೆ ಬೀಳಬಾರದು. ಹೆಣ್ಣುಮಗುವಿಗೆ ಸಾಮಾನ್ಯವಾಗಿ ಸಿನಗಾಗ್‌ನಲ್ಲಿ ತೋರಾ ಓದುವ ಸೋಮವಾರ, ಗುರುವಾರ ಅಥವಾ ಶನಿವಾರ, ತಂದೆಯನ್ನು ಪಠಣಕ್ಕೆ ಕರೆದಾಗ ಹೆಸರಿಡುತ್ತಾರೆ.

ಆ ದಿನದವರೆಗೆ ಹೆಸರನ್ನು ಹೊರಗೆ ಹೇಳದಿರುವುದು ಹಲವರ ರೂಢಿ. ಆಸ್ಪತ್ರೆಯವರು ಕೇಳಿದರೆ ಗಾಬರಿಯಾಗಬೇಕಿಲ್ಲ. ಭಾರತದಲ್ಲಿ ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದರೆ ಹೀಬ್ರೂ ಹೆಸರನ್ನು ತಂದೆತಾಯಿಯರ ಹೀಬ್ರೂ ಹೆಸರುಗಳೊಂದಿಗೆ ಕಾಗದದಲ್ಲಿ ಸ್ಪಷ್ಟವಾಗಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಹಿಂದಿನ ರಾತ್ರಿ ಅದನ್ನು ಗಟ್ಟಿಯಾಗಿ ಓದಿಕೊಳ್ಳಿ. ಬ್ರಿತ್ ಮುಗಿಯುತ್ತಿದ್ದಂತೆ ದ್ರಾಕ್ಷಾರಸದ ಬಟ್ಟಲು ಹಿಡಿದವರು ‘ಇಸ್ರಾಯೇಲಿನಲ್ಲಿ ಇವನ ಹೆಸರು’ ಎಂದು ಹೇಳಿ ತಂದೆಯತ್ತ ತಿರುಗುತ್ತಾರೆ. ತಂದೆ ಹೇಳಿದ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿ, ಮಗುವಿನ ತುಟಿಗೆ ಒಂದು ತೊಟ್ಟು ದ್ರಾಕ್ಷಾರಸ ತಾಗಿಸುತ್ತಾರೆ.