ಓಣಿಯ ಹುಡುಗರು ಎಲ್ಲಿ, ಎಷ್ಟು ಹೊತ್ತಿಗೆ ದಾರಿ ತಪ್ಪುತ್ತಾರೆ: ಗುರುತಿಸಿ ಸರಿಪಡಿಸುವ ಬಗೆ

ಹದಿಹರೆಯದವರು ಕಳವಿಗೋ ಗಾಂಜಾಕ್ಕೋ ಇಳಿದ ಸುದ್ದಿ ಬಂದರೆ ಓಣಿಯವರ ಮೊದಲ ಪ್ರಶ್ನೆ ‘ಯಾರ ಮನೀ ಹುಡುಗ?’ ಎಂಬುದು. ‘ಎಲ್ಲಿ, ಎಷ್ಟು ಗಂಟೆಗೆ?’ ಎಂದು ಕೇಳಿದರೆ ಏನಾದರೂ ಮಾಡಲಿಕ್ಕೆ ದಾರಿ ಸಿಗುತ್ತದೆ. 20ನೇ ಶತಮಾನದ ಮೊದಲರ್ಧದಲ್ಲಿ ಸಮಾಜಶಾಸ್ತ್ರಜ್ಞರಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅಮೆರಿಕದ ಷಿಕಾಗೊ ನಗರದ ಬಾಲಾಪರಾಧಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿದರು. ಕೆಲವು ಬಡಾವಣೆಗಳಲ್ಲಿ ಒಂದು ಸಮುದಾಯ ಹೋಗಿ ಇನ್ನೊಂದು ಬಂದರೂ ಅಪರಾಧದ ಪ್ರಮಾಣ ಇಳಿಯಲಿಲ್ಲ. ಕಾರಣ ಜನರ ಜಾತಿ-ಕುಲದಲ್ಲಿರಲಿಲ್ಲ, ಆ ಜಾಗದ ಸ್ಥಿತಿಯಲ್ಲಿತ್ತು.

ಹುಬ್ಬಳ್ಳಿ-ಧಾರವಾಡದ ಯಾವ ವಾರ್ಡಿನಲ್ಲಾದರೂ ಈ ಕೆಲಸ ಮಾಡಬಹುದು. ಒಂದು ಸಾಲಿಯನ್ನು ನಡುವೆ ಇಟ್ಟುಕೊಂಡು ಸುತ್ತ ಅರ್ಧ ಕಿಲೋಮೀಟರಿನ ನಕ್ಷೆ ಬರೆದುಕೊಳ್ಳಿ. ನಾಲ್ಕೈದು ಜನ ಸಾಕು. ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳು, ಒಬ್ಬರು ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಇರಲಿ. ಸಂಜೆ ಸಾಲಿ ಬಿಡುವ ಹೊತ್ತು, ರಾತ್ರಿ 9ರ ನಂತರ, ಭಾನುವಾರ ಮಧ್ಯಾಹ್ನ, ಹೀಗೆ ಮೂರು ಹೊತ್ತು ನಡೆಯಿರಿ. ಹಗಲು ಮಾತ್ರ ನಡೆದರೆ ನಕ್ಷೆ ಸುಳ್ಳು ಹೇಳುತ್ತದೆ. ಹಾಕುವ ಗುರುತು ಜಾಗಕ್ಕೆ ಮಾತ್ರ. ಯಾವ ಮನೆಗೂ, ಯಾವ ಹುಡುಗನ ಹೆಸರಿಗೂ ಬೇಡ.

ಉರಿಯದ ಬೀದಿದೀಪವಿದ್ದರೆ ಕಂಬದ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ದೂರಿಗೆ ಪಾಲಿಕೆಯವರು ಕಂಬ ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಅರ್ಧಕ್ಕೆ ನಿಂತ ಕಟ್ಟಡ, ನಾಲಾದ ದಂಡೆ, ಕಂಟಿ ಬೆಳೆದ ಖಾಲಿ ಪ್ಲಾಟು ಇವನ್ನೂ ಗುರುತಿಸಿ. ಕಂಟಿಯನ್ನು ಮೊಣಕಾಲಿಗಿಂತ ಎತ್ತರ ಬಿಡಬೇಡಿ, ಗಿಡದ ಟೊಂಗೆಗಳನ್ನು ಆರೇಳು ಅಡಿವರೆಗೆ ಸವರಿಸಿ. ಖಾಲಿ ಜಾಗಕ್ಕೆ ಎತ್ತರದ ಗೋಡೆ ಕಟ್ಟಿಸುವುದು ಎಲ್ಲರೂ ಮಾಡುವ ತಪ್ಪು: ರಸ್ತೆಯವರ ಕಣ್ಣಿಗೆ ಒಳಗೆ ನಡೆಯುವುದು ಕಾಣುವುದಿಲ್ಲ, ಗೋಡೆ ಹಾರುವುದು ಹುಡುಗರಿಗೆ ಕಷ್ಟವೂ ಅಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಗುಜರಿ ಅಂಗಡಿಗೆ. ಹುಡುಗ ಮೊದಲ ಸಲ ತರುವುದು ಖಾಲಿ ಬಾಟಲಿ, ರದ್ದಿ. ಆಮೇಲೆ ಸುಟ್ಟು ಪ್ಲಾಸ್ಟಿಕ್ ತೆಗೆದ ತಾಮ್ರದ ತಂತಿ, ನಳದ ಹಿತ್ತಾಳೆ ತೋಟಿ, ಕೊನೆಗೆ ನೀರೆತ್ತುವ ಮೋಟರು. ಎಲ್ಲಿಂದ ಬಂತೆಂದು ಕೇಳದೆ ರೊಕ್ಕ ಎಣಿಸುವವನು ಇದ್ದಾಗಲೇ ಇದು ರೂಢಿಯಾಗುತ್ತದೆ. ಪ್ಲಾಸ್ಟಿಕ್ ಸುಟ್ಟ ಕಪ್ಪು ಕಲೆ ಖಾಲಿ ಪ್ಲಾಟಿನಲ್ಲಿ ಕಂಡರೆ ಹತ್ತಿರದಲ್ಲಿ ಅಂಥ ಅಂಗಡಿ ಇದೆಯೇ ಎಂದು ನೋಡಿ. ಅಂಗಡಿಯವರೊಡನೆ ಮೊದಲು ಹಿರಿಯರು ಹೋಗಿ ಮಾತಾಡಲಿ: ಹದಿನೆಂಟರೊಳಗಿನವರ ಹತ್ತಿರ ಲೋಹ ಕೊಳ್ಳಬಾರದು, ಮಾರಿದವರ ಹೆಸರು ಪುಸ್ತಕದಲ್ಲಿ ಇರಬೇಕು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ. ಒಪ್ಪದಿದ್ದರೆ ಠಾಣೆಗೆ ಬರೆದುಕೊಡಿ.

ಬೀಡಾ ಅಂಗಡಿ ಸಾಲಿಯಿಂದ 100 ಮೀಟರಿನೊಳಗಿದ್ದರೆ ತಂಬಾಕು ಮಾರುವಂತಿಲ್ಲ. ಮಗುವಿಗೆ ತಂಬಾಕು, ಸರಾಯಿ, ಅಮಲು ಪದಾರ್ಥ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಸರಾಯಿ, ಅಮಲು ಪದಾರ್ಥ ಸಾಗಿಸಲು ಮಗುವನ್ನು ಬಳಸಿದರೂ (78ನೇ ಕಲಮು) ಅಷ್ಟೇ. ದೂರು ಹೋಗಬೇಕಾದದ್ದು ಇವರ ಮೇಲೆ.

ಒಂದು ವಾರ ಸಾಲಿಗೆ ಬಾರದ ಹುಡುಗನ ಮನೆಗೆ ಶಿಕ್ಷಕರು ಹೋಗಲಿ. ‘ಯಾಕ್ ತಮ್ಮಾ, ಆರಾಮ ಇಲ್ಲೇನು?’ ಎಂದು ಶುರುಮಾಡಿದರೆ ಮಾತು ಮುಂದುವರಿಯುತ್ತದೆ. ಬೈದರೆ ಮರುದಿನ ಅವನು ಮನೆಯಲ್ಲೂ ಸಿಗುವುದಿಲ್ಲ. ಗ್ಯಾರೇಜು, ಹೋಟೆಲುಗಳಲ್ಲಿ 14ರೊಳಗಿನವರನ್ನು ದುಡಿಸುತ್ತಿದ್ದರೆ, 14ರಿಂದ 18ರವರನ್ನು ರಾತ್ರಿ 7ರ ನಂತರ ಇಟ್ಟುಕೊಂಡಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹುಡುಗ ಸಿಕ್ಕಿಬಿದ್ದರೆ ಹೊಡೆಯಬೇಡಿ, ಫೋಟೊ ವಾಟ್ಸಾಪಿಗೆ ಹಾಕಬೇಡಿ. ಅವನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಪೊಲೀಸರು ಅವನನ್ನು ಲಾಕಪ್ಪಿನಲ್ಲಿಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಾಯಿ-ತಂದೆಗೆ ಇದು ಗೊತ್ತಿರುವುದಿಲ್ಲ, ಜೊತೆಗೆ ಹೋಗಿ ತಿಳಿಸಿ.

ಮೂರು ತಿಂಗಳಾದ ಮೇಲೆ ಅದೇ ಹೊತ್ತಿಗೆ ಮತ್ತೆ ನಡೆಯಿರಿ, ಈ ಸಲ ಪಕ್ಕದ ಎರಡು ಓಣಿ ಸೇರಿಸಿ. ಹುಡುಗರ ಗುಂಪು ಅಲ್ಲಿಗೆ ಸರಿದಿದ್ದರೆ ದೀಪ ಹಾಕಿಸಿದ್ದಷ್ಟೇ ಆಯಿತು, ಅವರಿಗೆ ಸಂಜೆ ಕೂಡಲು, ಆಡಲು ಜಾಗ ಕೊಟ್ಟಿಲ್ಲವೆಂದು ಅರ್ಥ. ಸಾಲಿಯ ಮೈದಾನವನ್ನು ಸಂಜೆ 5ರಿಂದ 8ರವರೆಗೆ ತೆರೆದಿಡಲು ಎಸ್‌ಡಿಎಂಸಿಯಲ್ಲಿ (ಸಾಲಿಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮಾಡಿಸಿ, ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದನ್ನೂ ಅದರಲ್ಲೇ ಬರೆಸಿ.