ನ್ಯೂಯಾರ್ಕಿನ ಪಾಳು ನಿವೇಶನದಲ್ಲಿ ತೋಟ ಮಾಡಬಯಸುವ ಕನ್ನಡಿಗರಿಗೆ

ಬೀದಿಯ ತುದಿಯಲ್ಲಿ ಬೇಲಿ ಬಿಗಿದು, ಕಸ ತುಂಬಿ ಬಿದ್ದಿರುವ ನಿವೇಶನವನ್ನು ಕಂಡಾಗ ಅಲ್ಲಿ ನಾಲ್ಕು ಮಡಿ ಸೊಪ್ಪು ಹಾಕಬಹುದಿತ್ತಲ್ಲ ಎಂದು ನಮ್ಮವರಿಗೆ ಅನಿಸುವುದು ಸಹಜ. ನ್ಯೂಯಾರ್ಕ್ ನಗರದಲ್ಲಿ ಆ ಆಸೆಗೆ ಕಾನೂನುಬದ್ಧವಾದ ದಾರಿಯಿದೆ. ಆದರೆ ಅನುಮತಿ ದೊರೆಯುವುದು ಒಂದು ಕುಟುಂಬಕ್ಕಲ್ಲ, ನೆರೆಹೊರೆಯವರು ಕೂಡಿ ಕಟ್ಟಿಕೊಂಡ ಗುಂಪಿಗೆ. ನೆಲ ಎಂದಿಗೂ ನಿಮ್ಮದಾಗುವುದಿಲ್ಲ.

ಈ ವ್ಯವಸ್ಥೆಯನ್ನು ಜನರೇ ಹೋರಾಡಿ ಪಡೆದರು. ಮಾಲೀಕರು ಕಟ್ಟಡಗಳನ್ನು ಕೈಬಿಟ್ಟು ಹೋಗುತ್ತಿದ್ದ 1973ರಲ್ಲಿ ಸ್ಥಳೀಯ ಕಲಾವಿದೆ ಲಿಜ್ ಕ್ರಿಸ್ಟಿ ಮತ್ತು ಅವರ ಗೆಳೆಯರು ಮ್ಯಾನ್‌ಹಟನ್ನಿನ ಬೋವರಿ ಹಾಗೂ ಹೌಸ್ಟನ್ ಬೀದಿಗಳು ಕೂಡುವಲ್ಲಿದ್ದ ಜಾಗವನ್ನು ಹಸನು ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಇಂಥ ತೋಟಗಳಿಗಾಗಿ 1978ರಲ್ಲಿ ಆರಂಭವಾದ ಗ್ರೀನ್‌ಥಂಬ್ ಯೋಜನೆ ಇಂದು ಉದ್ಯಾನ ಇಲಾಖೆಯ ಅಡಿಯಲ್ಲಿದ್ದು, 500ಕ್ಕೂ ಹೆಚ್ಚು ತೋಟಗಳಿಗೆ ನೆರವಾಗುತ್ತಿದೆ. 1999ರಲ್ಲಿ ನೂರಕ್ಕೂ ಹೆಚ್ಚು ತೋಟಗಳು ಹರಾಜಿಗೆ ಬಂದಾಗ ಜನ ಬೀದಿಗಿಳಿದರು, ಎರಡು ಸಂಸ್ಥೆಗಳು ಹಣ ಹೊಂದಿಸಿ ಅವುಗಳನ್ನು ಕೊಂಡು ಉಳಿಸಿದವು.

ಖಾಲಿ ಜಾಗ ಕಂಡರೆ ಮೊದಲು ಅದರ ಒಡೆತನ ಯಾರದೆಂದು ನಗರದ ದಾಖಲೆಗಳಲ್ಲಿ ನೋಡಬೇಕು. ಖಾಸಗಿಯಾಗಿದ್ದರೆ ಮಾಲೀಕರ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವುದು ಅತಿಕ್ರಮಣವಾಗುತ್ತದೆ. ನಗರದ ಸ್ವತ್ತಾಗಿದ್ದರೆ ಗ್ರೀನ್‌ಥಂಬ್ ಕಚೇರಿಯನ್ನು ವಿಚಾರಿಸಿ, ಆ ಪ್ರದೇಶದ ಪರವಾಗಿ ನಗರಾಡಳಿತಕ್ಕೆ ಸಲಹೆ ನೀಡುವ ಸ್ಥಳೀಯ ಸಮಿತಿಯಾದ ಕಮ್ಯೂನಿಟಿ ಬೋರ್ಡಿನ ಬೆಂಬಲವನ್ನೂ ಕೇಳಬೇಕು. ಅಂಥ ಜಾಗಗಳ ಮೇಲೆ ವಸತಿ ಯೋಜನೆಗಳ ಕಣ್ಣೂ ಇರುವುದರಿಂದ, ಈಗಾಗಲೇ ಇರುವ ತೋಟವೊಂದನ್ನು ಸೇರುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಮಡಿಗಾಗಿ ಸರದಿ ಕಾಯಬೇಕಾಗಿ ಬಂದರೂ ಗೊಬ್ಬರದ ಗುಂಡಿಯ ಕೆಲಸಕ್ಕೆ, ಕಳೆ ಕೀಳುವುದಕ್ಕೆ ಕೈಜೋಡಿಸಿ. ಅಲ್ಲಿ ಬೆಳೆಯುವ ಪರಿಚಯವೇ ನಿಮ್ಮನ್ನು ಆ ಬೀದಿಯವರನ್ನಾಗಿ ಮಾಡುತ್ತದೆ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಕನಿಷ್ಠ 20 ಗಂಟೆ ತೋಟದ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕೆಂಬ ನಿಯಮವನ್ನು ಹಗುರವಾಗಿ ಕಾಣಬಾರದು. ಬಾಗಿಲಲ್ಲಿ ಕೂರುವ ಪಾಳಿಯನ್ನು ಸದಸ್ಯರೇ ಹಂಚಿಕೊಳ್ಳುತ್ತಾರೆ. ಹಲವು ತೋಟಗಳಿಗೆ ನೀರು ಬೀದಿಯ ಅಗ್ನಿಶಾಮಕ ಕೊಳಾಯಿಯಿಂದ ಬರುತ್ತದೆ, ಅದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಕೆಡವಿದ ಹಳೆಯ ಕಟ್ಟಡಗಳ ಬಣ್ಣದಿಂದ ಮಣ್ಣಿನಲ್ಲಿ ಸೀಸ ಸೇರಿರುವ ಸಾಧ್ಯತೆಯಿರುವ ಕಾರಣ ನೆಲದಲ್ಲಿಯೇ ಬಿತ್ತದೆ, ಹಲಗೆ ಕಟ್ಟಿದ ಎತ್ತರದ ಮಡಿಗೆ ಹೊಸ ಮಣ್ಣು ತುಂಬಿ ಬೆಳೆಯಬೇಕು. ಮಕ್ಕಳಿರುವ ಮನೆಯವರು ಇದರಲ್ಲಿ ರಾಜಿ ಮಾಡಿಕೊಳ್ಳಲೇಬಾರದು.

ಹರಿವೆ, ಬೆಂಡೆ ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತವೆ. ನಾಟಿ ಅವರೆಯಾದರೋ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಬಳ್ಳಿ. ಕಾಯಿ ಬಲಿಯುವಷ್ಟರಲ್ಲಿ ಇಲ್ಲಿನ ಹಿಮ ಅದನ್ನು ಸುಟ್ಟುಬಿಡಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳಿಗೆ ಆ ಹಂಗಿಲ್ಲ. ಆದರೆ ಊರಿಂದ ಬರುವಾಗ ಬೀಜವನ್ನು ಸುಮ್ಮನೆ ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ: ಅಮೆರಿಕಕ್ಕೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತಂದದ್ದನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು.